ಮಾಮನ ತಗ್ಗಿನ ಹೊಲ

ನಾನು ಸಿಟ್ಟನ್ನು ಬೇಗ ಮರೆಯುವ ಹೆಂಗಸಲ್ಲ. ಶಾಲೆಯಲ್ಲಿ ಮಕ್ಕಳಿಗೆ ಕ್ಷಮೆಯ ಪಾಠ ಹೇಳಿ ಸಂಬಳ ತೆಗೆದುಕೊಳ್ಳುತ್ತೇನೆ, ಅದು ಬೇರೆ ಮಾತು. ಮನೆಗೆ ಬಂದು ಸೆರಗು ಸಿಕ್ಕಿಸಿದ ಮೇಲೆ ನನ್ನ ಹಗೆ ನನ್ನದು. "ಒಂದು ಎಮ್ಮಿ ಸಲುವಾಗಿ ಇಷ್ಟು ಹಗೀ ಏನ್ರಿ ಟೀಚರ್?" ಎಂದು ಸ್ಟಾಫ್ ರೂಮಿನಲ್ಲಿ ನಕ್ಕವರಿದ್ದಾರೆ. ನಗಲಿ. ಸತ್ತದ್ದು ಅವರ ಎಮ್ಮೆಯಲ್ಲ.

ಹಗೆ ಯಾರ ಮೇಲೆ ಎನ್ನುವುದನ್ನೂ ಮೊದಲೇ ಹೇಳಿಬಿಡುತ್ತೇನೆ. ನನ್ನ ಅಕ್ಕನ ಗಂಡನ ಮೇಲೆ. ಎದುರಿಗೆ "ಮಾಮ, ಬರ್ರಿ, ಕುಂದರ್ರಿ" ಎಂದೇ ಕರೆಯುತ್ತೇನೆ. ಬರೆಯುವಾಗ ಮಾತ್ರ ಏಕವಚನ. ಲೇಖನಿ ನನ್ನದು, ಅದಕ್ಕೆ ಮರ್ಯಾದೆ ಕಲಿಸುವ ಹಂಗು ನನಗಿಲ್ಲ.

ಸಿಂಧನೂರಿನಿಂದ ಜವಳಗೇರಾ ಕಡೆಯ ಬಸ್ಸು ಹಿಡಿದು, ಕಾಲುವೆಯ ಹತ್ತಿರ ಇಳಿದು ಒಳಗೆ ನಡೆದರೆ ನಮ್ಮ ಊರು. ಊರಿನ ಕೆಳತುದಿಗೆ ನಮ್ಮ ಓಣಿ, ಓಣಿಯ ಬೆನ್ನಿಗೆ ಹಳ್ಳ. ಹಳ್ಳದ ಆಚೆ, ನಮ್ಮ ಕಡೆಗಿಂತ ಎತ್ತರದ ದಂಡೆಯ ಹಿಂದೆ, ಮಾಮನ ತಗ್ಗಿನ ಹೊಲ. ಅವನಿಗೆ ಊರಿನ ಮೇಲ್ಭಾಗದಲ್ಲಿ ಇನ್ನೊಂದು ಹೊಲವಿದೆ, ಅದು ಇದಕ್ಕಿಂತ ದೊಡ್ಡದು. ಎರಡರಲ್ಲೂ ಭತ್ತ. ಅಕ್ಕನನ್ನು ಈ ಊರಿಗೆ ಕೊಟ್ಟ ಮೇಲೆ ನಾನೂ ಅವರ ಮನೆಯಲ್ಲಿದ್ದುಕೊಂಡೇ ಸಿಂಧನೂರಿನ ಕಾಲೇಜಿಗೆ ಹೋದೆ. ಓದು ಮುಗಿದು ನೌಕರಿ ಸಿಕ್ಕಾಗ ಇದೇ ಊರಿನ ಗಂಡನ್ನು ಹುಡುಕಿ ಕೊಟ್ಟವನೂ ಮಾಮನೇ. ನನ್ನ ಯಜಮಾನರು ಲಿಂಗಸುಗೂರಿನ ಒಂದು ಕಚೇರಿಯಲ್ಲಿದ್ದಾರೆ, ಶನಿವಾರ ಸಂಜೆ ಬರುತ್ತಾರೆ. ಉಳಿದ ದಿನ ಮನೆಯಲ್ಲಿ ನಾನು, ಅತ್ತೆ, ಮತ್ತು ಆಗ, ಎಮ್ಮೆ.

ನಾನು ಹುಟ್ಟಿದ್ದು ಸಂತೆಕಲ್ಲೂರಿನ ಕಡೆ, ಜೋಳ ತೊಗರಿಯ ಸೀಮೆಯಲ್ಲಿ. ಅಲ್ಲಿ ನೀರು ಬಂದರೆ ಕೈ ಮುಗಿಯುತ್ತಿದ್ದೆವು. ಇಲ್ಲಿ ಬಂದು ನೋಡಿದರೆ ನೀರಿಗಾಗಿ ಅಣ್ಣತಮ್ಮಂದಿರು ಕೊರಳಪಟ್ಟಿ ಹಿಡಿಯುತ್ತಾರೆ. ಕಾಲುವೆಯ ಮೇಲಿನವರು ಕುಡಿದು ಉಳಿದರೆ ಕೆಳಗಿನವರಿಗೆ, ಮತ್ತು ಯಾವತ್ತೂ ಉಳಿಯುವುದಿಲ್ಲ. ಅದಕ್ಕೆ ಕೆಳಗಿನ ರೈತರು ಒಂದು ಉಪಾಯ ಮಾಡಿಕೊಂಡಿದ್ದಾರೆ. ಮೇಲಿನ ಗದ್ದೆಗಳಿಂದ ಬಸಿದ ನೀರು ಹಳ್ಳಕ್ಕೆ ಬೀಳುತ್ತದಲ್ಲ, ಆ ಹಳ್ಳಕ್ಕೇ ಅಡ್ಡ ಒಡ್ಡು ಹಾಕುತ್ತಾರೆ. ಗೊಬ್ಬರದ ಖಾಲಿ ಚೀಲಕ್ಕೆ ಮಣ್ಣು ತುಂಬಿ ಜೋಡಿಸಿ, ಸಂದಿಗೆ ಭತ್ತದ ಹುಲ್ಲು ತುರುಕಿ, ಮೇಲೆ ಕಪ್ಪು ಮಣ್ಣು ಮೆತ್ತುತ್ತಾರೆ. ನಿಂತ ನೀರಿಗೆ ಮೋಟಾರು ಇಟ್ಟು ಗದ್ದೆಗೆ ಎತ್ತುತ್ತಾರೆ. ನೀರನ್ನು ಹಿಡಿಯುವುದು ಇವರಿಗೆ ಗೊತ್ತು; ಬಿಡುವುದು ಮಾತ್ರ ಯಾರಿಗೂ ಗೊತ್ತಿಲ್ಲ. ಹಳ್ಳದಲ್ಲಿ ನೀರು ಸುಮ್ಮನೆ ಹರಿದು ಹೋಗುವುದನ್ನು ಕಂಡರೆ ಇಲ್ಲಿಯ ರೈತನ ಹೊಟ್ಟೆಯಲ್ಲಿ ಕಿಚ್ಚು ಬೀಳುತ್ತದೆ. ಮಾಮನ ಒಡ್ಡು ನಮ್ಮ ಓಣಿ ದಾಟಿದ ಮೇಲೆ ಸ್ವಲ್ಪ ಕೆಳಗೆ ಇತ್ತು, ಮತ್ತು ಊರಿನಲ್ಲೇ ಗಟ್ಟಿಮುಟ್ಟಾದ ಒಡ್ಡು ಎಂಬ ಹೆಸರು ಅದಕ್ಕಿತ್ತು.

ಆ ವರ್ಷ ಭತ್ತದ ಕೊಯ್ಲಿನ ಹೊತ್ತಿಗೆ ತುಫಾನು ಬಂತು. ಬಂಗಾಳ ಕೊಲ್ಲಿಯಲ್ಲಿ ಎದ್ದು ಆಂಧ್ರದ ದಂಡೆಗೆ ಬಡಿದದ್ದು ಅದು. ನಮ್ಮ ಪಕ್ಕದ ಕ್ಯಾಂಪಿನಲ್ಲಿ ಆಂಧ್ರದಿಂದ ಬಂದು ನೆಲೆಸಿದವರಿದ್ದಾರೆ. ಅವರ ನೆಂಟರ ಊರುಗಳಿಗೆ ಸಮುದ್ರವೇ ನುಗ್ಗಿತ್ತಂತೆ. ದಂಡೆಯ ಮೇಲಿನ ಮನೆಗಳಲ್ಲಿ ಉಪ್ಪುನೀರು ನಿಂತ ವಿಡಿಯೋಗಳನ್ನು ಅವರು ಎಲ್ಲರಿಗೂ ತೋರಿಸುತ್ತಿದ್ದರು. ನಾವು ಚುಚ್ಚುಚ್ಚು ಎಂದೆವು, ಸಮುದ್ರ ಎಲ್ಲಿ ನಾವೆಲ್ಲಿ ಎಂದುಕೊಂಡು ಮೊಬೈಲು ಹಿಂದಕ್ಕೆ ಕೊಟ್ಟೆವು. ಆ ರಾತ್ರಿ ಮಳೆ ಹಿಡಿಯಿತು. ಬೆಳಗಾದರೂ ಬಿಡಲಿಲ್ಲ.

ಬೆಳಿಗ್ಗೆ ಹಾಲು ಹಿಂಡಲು ಹೋದಾಗ ಓಣಿಯ ಚರಂಡಿ ಹಿಂದಕ್ಕೆ ಹರಿಯುತ್ತಿತ್ತು. ನಾನು ಮೊದಲು ನನ್ನ ಕಣ್ಣನ್ನೇ ನಂಬಲಿಲ್ಲ. ಚರಂಡಿಯ ನೀರು ಹಳ್ಳಕ್ಕೆ ಹೋಗಬೇಕು. ಇಲ್ಲಿ ಹಳ್ಳವೇ ಚರಂಡಿಯೊಳಗಿಂದ ನಮ್ಮ ಬಾಗಿಲಿಗೆ ಬರುತ್ತಿತ್ತು. ಹುಲ್ಲು, ಚಪ್ಪಲಿ, ಕೋಳಿಪುಕ್ಕ ಎಲ್ಲವೂ ಏರುಮುಖವಾಗಿ ತೇಲಿ ಬರುತ್ತಿದ್ದವು. ಹಿತ್ತಲಿಗೆ ಹೋಗಿ ಇಣುಕಿದೆ. ಮಾಮನ ಒಡ್ಡು ಅಲುಗಾಡದೆ ಕೂತಿತ್ತು. ಹಳ್ಳ ಅದಕ್ಕೆ ಬಡಿದು, ದಾರಿ ಸಿಗದೆ, ನಮ್ಮ ಓಣಿಯನ್ನು ಹುಡುಕಿಕೊಂಡು ಬಂದಿತ್ತು.

ಮಾಮನಿಗೆ ಫೋನು ಮಾಡಿದೆ.

"ಮಾಮ, ಒಡ್ಡು ಒಡೀರಿ. ನೀರು ಮನಿಯಾಗ ಬರಾಕತ್ತೈತಿ."

"ಹೌದೇನು? ಒಡಿಯಾಕಽ ಹೊಂಟೀನಿ ತಗೋ. ನೀ ಯಾಕ ಫಿಕರ್ ಮಾಡ್ತಿ ಟೀಚರಮ್ಮ?"

"ಎಮ್ಮಿ ಬಿಚ್ಚಿ ಮ್ಯಾಲ ಹೊಡಕೊಂಡು ಹೋಗಲೇನು?"

"ಏ ಬ್ಯಾಡ ಬ್ಯಾಡ. ಗಬ್ಬದ ಎಮ್ಮಿ, ಕೆಸರಾಗ ಜಾರಿ ಬಿದ್ರ ಏನ್ ಮಾಡ್ತಿ? ಈಗ ಇಳಿತೈತಿ ನೀರು."

ಅವನು ಹೊಂಟಿರಲಿಲ್ಲ. ಹೋಗುವ ಮನಸ್ಸೂ ಇರಲಿಲ್ಲ. ಒಡ್ಡಿನ ಕೆಳಗಡೆ ಹಳ್ಳದ ದಂಡೆಯ ಕಣದಲ್ಲಿ, ಮೇಲಿನ ಹೊಲದಿಂದ ಕೊಯ್ದು ತಂದ ಅವನ ಭತ್ತದ ರಾಶಿ ತಾಡಪತ್ರಿಯಡಿ ಕೂತಿತ್ತು. ಒಡ್ಡು ಒಡೆದರೆ ನೀರು ಒಮ್ಮೆಲೇ ನುಗ್ಗಿ ರಾಶಿ ತೊಳೆದುಕೊಂಡು ಹೋಗುತ್ತಿತ್ತು. ಟ್ರ್ಯಾಕ್ಟರು ಹೇಳಿ ಕಳಿಸಿ, ಆಳುಗಳನ್ನು ಕರೆದು, ರಾಶಿಯನ್ನೆಲ್ಲ ಮೇಲಕ್ಕೆ ಸಾಗಿಸಿ, ಆಮೇಲೆ ಒಡ್ಡು ಒಡೆಯುವುದೆಂದು ಅವನು ಮನಸ್ಸಿನಲ್ಲೇ ಗೊತ್ತು ಮಾಡಿಕೊಂಡಿದ್ದ. ನನಗೆ ಹೇಳಿದ್ದರೆ ಎಮ್ಮೆಯನ್ನಾದರೂ ಬಿಚ್ಚಿಕೊಳ್ಳುತ್ತಿದ್ದೆ. ಅವನು ಹೇಳಲಿಲ್ಲ. ಇಷ್ಟೇ ಅವನ ಅಪರಾಧ, ಮತ್ತು ಇಷ್ಟು ಸಾಕು.

ಮಧ್ಯಾಹ್ನದ ಹೊತ್ತಿಗೆ ಕೊಟ್ಟಿಗೆಯಲ್ಲಿ ಸೊಂಟದ ಮಟ್ಟ ನೀರು. ಅತ್ತೆಯನ್ನು ಪಕ್ಕದವರ ಮಾಳಿಗೆಗೆ ಹತ್ತಿಸಿ ನಾನು ವಾಪಸು ಇಳಿಯುತ್ತಿದ್ದೆ. ಅಷ್ಟರಲ್ಲಿ ನೆನೆದ ಮಣ್ಣಿನ ಗೋಡೆ ಎಮ್ಮೆಯ ಕಡೆಗೇ ಕುಸಿಯಿತು. ದೊಡ್ಡ ಸದ್ದೇನೂ ಆಗಲಿಲ್ಲ. ಗೋಡೆಯ ಕೆಳಗೆ ಸಿಕ್ಕಿಕೊಂಡ ಎಮ್ಮೆ ತಲೆಯನ್ನು ನೀರಿನಿಂದ ಮೇಲೆತ್ತಿ ನನ್ನ ಕಡೆ ನೋಡಿತು. ನಾನು ಹಗ್ಗದ ಗಂಟಿಗೆ ಕೈ ಹಾಕಿದೆ. ನೆನೆದ ಗಂಟು ಬಿಗಿದು ಕಲ್ಲಾಗಿತ್ತು. ಕುಡುಗೋಲು ತರಲು ಓಡಿದೆ. ತರುವಷ್ಟರಲ್ಲಿ ತಲೆ ಕೆಳಗೆ ಹೋಗಿತ್ತು. ಹೊಟ್ಟೆಯಲ್ಲಿ ಕರು ಇತ್ತು.

ಸಂಜೆಗೆ ಮಾಮ ಒಡ್ಡು ಒಡೆದ. ಓಣಿಯ ನೀರು ಸರಸರ ಇಳಿಯಿತು. ಅವನ ಭತ್ತದ ಒಂದು ಕಾಳೂ ನೆನೆದಿರಲಿಲ್ಲ. ಮರುದಿನ ನಮ್ಮ ಮನೆಗೆ ಬಂದು, ಕೆಸರು ಬಳಿದ ಕಟ್ಟೆಯ ಮೇಲೆ ಟವೆಲು ಹಾಸಿ ಕೂತು, ಅತ್ತೆಗೆ ಸಮಾಧಾನ ಹೇಳಿದ.

"ದೇವರು ಕೊಟ್ಟಿದ್ದ, ದೇವರು ಒಯ್ದ ಅನ್ಕೋರಿ ಯಮ್ಮ. ತಗ್ಗಿನ್ಯಾಗ ಮನಿ ಇದ್ದ ಮ್ಯಾಲ ನೀರು ಬರೂದಽ. ಅದಕ್ಕ ಯಾರೇನ್ ಮಾಡಾಕ ಬರ್ತೈತಿ?"

ನಾನು ಅವನಿಗೆ ಚಹಾ ತಂದು ಕೊಟ್ಟೆ. ಲೋಟ ಅವನ ಕೈಗಿಡುವಾಗಲೇ ನಿಶ್ಚಯಿಸಿದೆ: ಈ ಮನುಷ್ಯನ ಭತ್ತ ನೀರಲ್ಲಿ ಮಲಗುವುದನ್ನು ನಾನು ಕಣ್ಣಾರೆ ನೋಡಬೇಕು. ಅತ್ತೆ ಅವತ್ತಿನಿಂದ ಚಹಾ ಬಿಟ್ಟಳು. ಪಾಕೀಟಿನ ಹಾಲಿನ ಚಹಾ ಅವಳ ಗಂಟಲಲ್ಲಿ ಇಳಿಯಲಿಲ್ಲ. ದಿನಾ ಬೆಳಿಗ್ಗೆ ಅವಳು ಬರಿಗೈಲಿ ಕೂತಿರುವುದನ್ನು ನೋಡಿಯೇ ನಾನು ಬಸ್ಸಿಗೆ ಹೋಗುತ್ತಿದ್ದೆ. ನನ್ನ ಸಿಟ್ಟು ಆರಲು ಬಿಡದಿದ್ದದ್ದು ಅದೇ.

ಹಳ್ಳ ಓಣಿಗೆ ನುಗ್ಗದಂತೆ ಮಾಡಿರೆಂದು ಅರ್ಜಿ ಹಿಡಿದು ನಾನು ಲಿಂಗಸುಗೂರಿಗೂ ಹೋದೆ, ಸಿಂಧನೂರಿನ ಕಚೇರಿಗಳ ಮೆಟ್ಟಿಲನ್ನೂ ಸವೆಸಿದೆ. ಮಸ್ಕಿಯಲ್ಲಿ ಹಳ್ಳದ ದಂಡೆ ಎತ್ತರಿಸುವ ಕೆಲಸ ನಡೆದಿದೆ ಎಂದು ಯಾರೋ ಹೇಳಿದಾಗ ರಜೆ ಹಾಕಿ ಅಲ್ಲಿಗೂ ಹೋಗಿ ನೋಡಿ ಬಂದೆ. "ಟೀಚರಿಗೆ ಊರಿನ ಕಾಳಜಿ ಭಾಳ ಐತಿ" ಎಂದು ಪಂಚಾಯಿತಿಯವರು ಹೊಗಳಿದರು. ಹೊಗಳಿಕೆಯನ್ನು ತೆಗೆದುಕೊಂಡೆ. ನನಗೆ ಊರಿನ ಕಾಳಜಿ ಇರಲಿಲ್ಲವೆಂದಲ್ಲ. ಅದು ಹಗೆಯ ಬೆನ್ನ ಮೇಲೆ ಕೂತು ಬರುತ್ತಿತ್ತು.

ಕೊನೆಗೆ ಒಬ್ಬ ಇಂಜಿನಿಯರು ಬಂದರು. ಕರಾವಳಿಯಲ್ಲಿ ಕೆಲಸ ಮಾಡಿ ವರ್ಗವಾಗಿ ಬಂದವರು, ಮಾತು ಕಡಿಮೆ. ಹಳ್ಳದ ಉದ್ದಕ್ಕೂ ನಡೆದು, ಒಡ್ಡಿನ ಗುರುತು ನೋಡಿ, ಗ್ರಾಮಸಭೆಯಲ್ಲಿ ಎದ್ದು ನಿಂತು ಹೇಳಿದರು. ಒಡ್ಡು ಇನ್ನು ಮೇಲೆ ಯಾರೂ ಹಾಕಬಾರದು. ಓಣಿಯ ಕಡೆ ದಂಡೆ ಎತ್ತರಿಸಬೇಕು. ಚರಂಡಿ ಹಳ್ಳಕ್ಕೆ ಸೇರುವ ಪೈಪಿನ ಬಾಯಿಗೆ ಕಬ್ಬಿಣದ ಬಾಗಿಲು ತೂಗುಹಾಕಬೇಕು. ಒಳಗಿನ ನೀರು ನೂಕಿದರೆ ಅದು ತೆರೆಯುತ್ತದೆ, ಹಳ್ಳದ ನೀರು ನೂಕಿದರೆ ತಾನೇ ಮುಚ್ಚಿಕೊಳ್ಳುತ್ತದೆ. ಸಮುದ್ರ ಏರಿ ಬರುವ ಊರುಗಳಲ್ಲಿ ಹೀಗೆಯೇ ಮಾಡುತ್ತಾರೆ.

"ಆದ್ರೆ ಇಷ್ಟಕ್ಕೇ ಮುಗಿಯೋದಿಲ್ಲ" ಎಂದರು. "ದಂಡೆ ಕಟ್ಟಿದ್ರೆ ನೀರು ಮಾಯ ಆಗಲ್ಲ. ಅದಕ್ಕೆ ನಿಲ್ಲೋಕೆ ಒಂದು ಜಾಗ ಕೊಡಬೇಕು. ಸಮುದ್ರದ ಹತ್ರ ಉಪ್ಪುಗದ್ದೆ, ಜೌಗು ನೆಲ ಖಾಲಿ ಬಿಡ್ತೀವಿ. ಇಲ್ಲಿ ಎಲ್ಲಿ ಬಿಡ್ತೀರಿ, ನೀವೇ ಹೇಳಿ."

ಎಲ್ಲರಿಗೂ ಉತ್ತರ ಗೊತ್ತಿತ್ತು. ಹಳ್ಳದ ಆಚೆ ದಂಡೆಯ ಮಾಮನ ಹೊಲಕ್ಕಿಂತ ತಗ್ಗು ಜಾಗ ಊರಲ್ಲಿ ಇನ್ನೊಂದಿಲ್ಲ. ಆ ದಂಡೆಯನ್ನು ಒಂದಿಷ್ಟು ಕತ್ತರಿಸಿದರೆ ಹೆಚ್ಚಾದ ನೀರು ಅಲ್ಲಿಗೆ ಹರಡಿ, ಮಳೆ ನಿಂತ ಮೇಲೆ ನಿಧಾನಕ್ಕೆ ಬಸಿದು ಹೋಗುತ್ತದೆ. ಇಂಜಿನಿಯರರ ಲೆಕ್ಕವೂ ನನ್ನ ಹೊಟ್ಟೆಯ ಕಿಚ್ಚೂ ಒಂದೇ ಹೊಲಕ್ಕೆ ಬೆರಳು ಮಾಡಿದ್ದವು. ಆದರೆ ಮಾಮ ಮುಂದಿನ ಸಾಲಿನಲ್ಲೇ ಕೂತಿದ್ದ. ಊರಿನ ಹಿರಿಯ ಒಕ್ಕಲಿಗ, ಕಂಡರೆ ನಾಲ್ಕು ಜನ ಎದ್ದು ನಿಲ್ಲುವ ಮನುಷ್ಯ. ಅವನ ಹೊಲ ಮುಳುಗಿಸಿರಿ ಎಂದು ಹೇಳುವ ಗಂಡಸು ಆ ಸಭೆಯಲ್ಲಿ ಹುಟ್ಟಿರಲಿಲ್ಲ. ಹೇಳಿದ್ದರೆ ತಕರಾರು ಏಳುತ್ತಿತ್ತು, ಕೋರ್ಟಿಗೆ ಹೋಗುತ್ತಿತ್ತು, ಬಾಗಿಲು ಬರುವಷ್ಟರಲ್ಲಿ ಇನ್ನೊಂದು ತುಫಾನು ಬರುತ್ತಿತ್ತು.

ಹೇಳಬಲ್ಲವಳು ನಾನೊಬ್ಬಳೇ. ಯಾಕೆಂದರೆ ನಾನು ಅವನ ನಾದಿನಿ.

ನಮ್ಮ ಕಡೆ ನಾದಿನಿಗೆ ಒಂದು ಸವಲತ್ತಿದೆ. ಅಕ್ಕನ ಗಂಡನನ್ನು ಅವಳು ಹತ್ತು ಜನರ ಎದುರು ಚೇಷ್ಟೆ ಮಾಡಬಹುದು. ಅವನು ನಗಬೇಕೇ ಹೊರತು ಸಿಟ್ಟಿಗೇಳುವಂತಿಲ್ಲ. ಸಿಟ್ಟಿಗೆದ್ದರೆ ನಾದಿನಿಗೆ ಸೋತ ಎಂದು ಊರೇ ಆಡಿಕೊಳ್ಳುತ್ತದೆ. ಅಕ್ಕನ ಮದುವೆಯಲ್ಲಿ ನಾನು ಲಂಗ ತೊಟ್ಟ ಹುಡುಗಿ. ಮದುಮಗ ಒಳಗೆ ಬರುವಾಗ ಪದ್ಧತಿಯಂತೆ ಬಾಗಿಲಿಗೆ ಅಡ್ಡ ನಿಂತಿದ್ದೆ. ಒಡಪು ಕಟ್ಟಿ ಹೆಂಡತಿಯ ಹೆಸರು ಹೇಳಬೇಕು, ನಾದಿನಿಯ ಕೈಗೆ ಏನಾದರೂ ಇಡಬೇಕು, ಆಮೇಲೆ ಒಳಗೆ. ಮಾಮ ಒಡಪು ಹೇಳಿದ, ಜೇಬು ತಡವಿದ, ಏನೂ ಸಿಗಲಿಲ್ಲ. "ಬೇಕಾದ್ದು ಕೇಳು, ಯಾವಾಗ ಕೇಳಿದ್ರೂ ಕೊಡ್ತೀನಿ, ಈಗ ದಾರಿ ಬಿಡು" ಎಂದು ಎಲ್ಲರ ಮುಂದೆ ಮಾತು ಕೊಟ್ಟ. ನಾನು ಏನನ್ನೂ ಕೇಳಿರಲಿಲ್ಲ. ಹಬ್ಬಹುಣ್ಣಿಮೆಗೆ ಸೇರಿದಾಗೆಲ್ಲ ಅದೇ ನಗೆಚಾಟಿಕೆ: ಟೀಚರಮ್ಮ ಇನ್ನೂ ಕೇಳಿಲ್ಲ, ಮಾಮ ಇನ್ನೂ ಕೊಟ್ಟಿಲ್ಲ.

ನಾನು ಎದ್ದು ನಿಂತೆ. ಮುಖಕ್ಕೆ ನಗು ತಂದುಕೊಂಡೆ. ಅಷ್ಟು ವಿಷವಿಟ್ಟುಕೊಂಡು ಅಷ್ಟು ಸಿಹಿಯಾಗಿ ನಾನು ಹಿಂದೆಂದೂ ನಕ್ಕಿರಲಿಲ್ಲ.

"ಮಾಮ, ನಿಮ್ಮ ಮದುವ್ಯಾಗ ಬಾಗಲಾ ತಡದಿದ್ದೆ, ನೆನಪೈತೇನ್ರಿ? ಯಾವಾಗ ಕೇಳಿದ್ರೂ ಕೊಡ್ತೀನಿ ಅಂದಿದ್ರಿ."

"ಅಂದಿದ್ದೆ. ಇಲ್ಲ ಅಂದೀನೇನು?" ಮಾಮ ಮೀಸೆಯಲ್ಲೇ ನಕ್ಕ. ಜನ ಆಗಲೇ ಕಿಸಿಯತೊಡಗಿದ್ದರು.

"ಇವತ್ತು ಕೇಳಾಕತ್ತೀನಿ. ತುಫಾನು ಬಂದಾಗ ನಿಮ್ಮ ತಗ್ಗಿನ ಹೊಲ ನೀರಿಗೆ ಬಿಟ್ಟುಕೊಡ್ರಿ. ಬಂಗಾರ ಕೇಳಿಲ್ಲ, ಸೀರಿ ಕೇಳಿಲ್ಲ. ನಾದಿನಿ ಇಷ್ಟು ಕೇಳಬಾರದೇನ್ರಿ?"

ಸಭೆ ಹೋ ಎಂದು ನಕ್ಕಿತು. "ಸಿಕ್ಕಿಬಿದ್ರಿ ಗೌಡ್ರ!" ಎಂದು ಹಿಂದಿನಿಂದ ಯಾರೋ ಕೂಗಿದರು. ಮಾಮ ತಲೆಯ ಮೇಲಿನ ಟವೆಲು ತೆಗೆದು ಕೊಡವಿ, ಮತ್ತೆ ಸುತ್ತಿಕೊಂಡ. ಅವನ ಮುಖ ಕಪ್ಪಿಡುವುದನ್ನು ನೋಡಲು ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದೆ. ಕಪ್ಪಿಡಲಿಲ್ಲ.

"ಇಷ್ಟಽ ಹೌದಲ್ಲೋ? ತಗೋ, ಕೊಟ್ಟೆ. ಸಾಹೇಬ್ರ, ಬರ್ಕೋರಿ. ನನ್ನ ನಾದಿನಿ ಕೇಳ್ಯಾಳ, ಇಲ್ಲ ಅನ್ನಾಕ ಬರೂದಿಲ್ಲ."

ಚಪ್ಪಾಳೆ ಬಿತ್ತು. ದೊಡ್ಡ ಮನಸ್ಸು ಎಂದರು. ನಾನು ಗೆದ್ದಿದ್ದೆ, ಆದರೂ ಅವನು ಅಷ್ಟು ಸಲೀಸಾಗಿ ಕೊಟ್ಟದ್ದು ನನಗೆ ಹಿಡಿಸಲಿಲ್ಲ. ಗೋಗರೆಯಬೇಕಿತ್ತು, ಹಲ್ಲು ಕಡಿಯಬೇಕಿತ್ತು. ಇರಲಿ, ನೀರು ಬಂದಾಗ ಕಡಿಯುತ್ತಾನೆ ಎಂದುಕೊಂಡೆ.

ಬೇಸಿಗೆಯಲ್ಲಿ ಕೆಲಸ ನಡೆಯಿತು. ನಮ್ಮ ಕಡೆಯ ದಂಡೆಗೆ ಕಲ್ಲು ಹೊದಿಸಿದರು. ಆಚೆ ದಂಡೆಯನ್ನು ಅಗಲವಾಗಿ ಕತ್ತರಿಸಿ, ಮಣ್ಣು ಕೊರೆಯದಂತೆ ಕಾಂಕ್ರೀಟು ಹಾಕಿದರು. ಪೈಪಿಗೆ ಬಾಗಿಲು ಬಂತು. ಶಾಲೆಯಿಂದ ಬರುವಾಗ ಹಳ್ಳಕ್ಕಿಳಿದು ಅದನ್ನೊಮ್ಮೆ ಕೈಯಿಂದ ಎತ್ತಿ ಬಿಡುತ್ತಿದ್ದೆ. ಠಣ್ ಎಂದು ಮುಚ್ಚಿಕೊಳ್ಳುತ್ತಿತ್ತು. ಆ ಸದ್ದು ಕೇಳಿದ ಮೇಲೆಯೇ ನನಗೆ ಅಡುಗೆ ಮಾಡಲು ಮನಸ್ಸು ಬರುತ್ತಿದ್ದದ್ದು. ಮಾಮ ತಗ್ಗಿನ ಹೊಲಕ್ಕೆ ಎಂದಿನಂತೆ ಭತ್ತ ನಾಟಿ ಮಾಡಿಸಿದ. ತುಫಾನು ವರ್ಷಾ ಬರುತ್ತದೆಯೇ ಎಂಬ ಧೈರ್ಯ. ನಾನು ಬಸ್ಸಿನ ಕಿಟಕಿಯಿಂದ ಅದು ಹಸಿರಾಗುವುದನ್ನೂ ತೆನೆ ಕಟ್ಟುವುದನ್ನೂ ನೋಡುತ್ತಿದ್ದೆ. ಬೆಳಿ, ಚೆನ್ನಾಗಿ ಬೆಳಿ ಎಂದು ಮನಸ್ಸಿನಲ್ಲೇ ಹರಸುತ್ತಿದ್ದೆ. ಬೆಳೆದಷ್ಟೂ ಮುಳುಗುವಾಗ ಚೆಂದ.

ತುಫಾನು ಬಂತು. ತೆನೆ ಬಂಗಾರವಾಗಿ ಬಾಗಿದ್ದಾಗಲೇ ಬಂತು. ಕೊಯ್ಲಿನ ಯಂತ್ರಕ್ಕೆ ಎಲ್ಲರೂ ಒಮ್ಮೆಲೇ ಓಡಿದರು, ಸಿಕ್ಕವರಿಗೆ ಸಿಕ್ಕಿತು, ತಗ್ಗಿನ ಹೊಲಕ್ಕೆ ಸಿಗಲಿಲ್ಲ. ಮಳೆ ಹಿಡಿದ ಮರುದಿನ ಶಾಲೆಗೆ ರಜೆ ಕೊಟ್ಟರು. ಓಣಿಯವರೆಲ್ಲ ಟ್ರಂಕು ಹಾಸಿಗೆ ಮಾಳಿಗೆಗೆ ಸಾಗಿಸಿ, ಚರಂಡಿಯನ್ನೇ ನೋಡುತ್ತ ಕೂತರು. ಹಳ್ಳ ಏರಿತು. ಪೈಪಿನ ಬಾಗಿಲು ಮುಚ್ಚಿಕೊಂಡಿತು. ಚರಂಡಿಯಲ್ಲಿ ಓಣಿಯದೇ ಮಳೆನೀರು ಪಾದ ಮುಳುಗುವಷ್ಟು ನಿಂತಿತೇ ಹೊರತು ಹಳ್ಳದ ಒಂದು ಹನಿ ಒಳಗೆ ಬರಲಿಲ್ಲ. ಆಮೇಲೆ ಹಳ್ಳ ಆಚೆ ಕಡೆಯ ಕತ್ತರಿಸಿದ ದಂಡೆಯನ್ನು ದಾಟಿ, ಸದ್ದಿಲ್ಲದೆ, ಹಾಸಿಗೆ ಬಿಚ್ಚಿದ ಹಾಗೆ ಭತ್ತದ ಮೇಲೆ ಹರಡಿಕೊಂಡಿತು.

ನಾನು ಕೊಡೆ ಹಿಡಿದು ದಂಡೆಯ ಮೇಲೆ ನಿಂತು ನೋಡಿದೆ. ಸಂತೋಷವಾಯಿತು. ಸುಳ್ಳು ಯಾಕೆ ಹೇಳಲಿ, ಬಹಳ ಸಂತೋಷವಾಯಿತು. ತೆನೆಗಳು ಒಂದೊಂದಾಗಿ ತಲೆ ಕೆಳಗೆ ಹಾಕುತ್ತಿದ್ದವು. ನಾನು ನೋಡಿದ್ದ ಇನ್ನೊಂದು ತಲೆ ನೀರಿಗೆ ಹೋದದ್ದು ಕಣ್ಣ ಮುಂದೆ ಬಂತು. ಈಗ ಸರಿಹೋಯಿತು ಎಂದು ಬಾಯಿಬಿಟ್ಟೇ ಅಂದೆ. ಮಳೆಯಲ್ಲಿ ಯಾರಿಗೂ ಕೇಳಿಸಲಿಲ್ಲ. ಮನೆಗೆ ಬಂದು ಅತ್ತೆಗೆ ಹೇಳಿದೆ: "ಮಾಮನ ಹೊಲ ಮುಳುಗೇತ್ರಿ." ಒಣಗಿದ ನೆಲದ ಮೇಲೆ ಕಾಲು ಚಾಚಿ ಕೂತಿದ್ದ ಅತ್ತೆ ಚಹಾ ಕೇಳಿದಳು.

ಮಳೆ ಬಿಟ್ಟು, ನೀರು ಬಸಿದು, ಬಿಸಿಲು ಬಿದ್ದ ಮೇಲೆ ಅಕ್ಕ ಬಂದಳು. ಸೆರಗಿನಲ್ಲಿ ಏನೋ ಕಟ್ಟಿಕೊಂಡಿದ್ದಳು. ನನ್ನ ಮುಂದೆ ಕೂತು ಬಿಚ್ಚಿದಳು. ತಗ್ಗಿನ ಹೊಲದ ಭತ್ತದ ತೆನೆಗಳು. ಕಾಳುಕಾಳಿಗೂ ಬಿಳಿ ಮೊಳಕೆ ಬಂದಿತ್ತು.

"ಕೋಳಿಗೆ ಹಾಕಾಕಽ ಬರಬೇಕು ಇನ್ನ" ಎಂದಳು.

ನಾನು ತಯಾರಾಗಿಯೇ ಇದ್ದೆ. ಬೈದರೆ ಏನು ಹೇಳಬೇಕು, ಅತ್ತರೆ ಏನು ಹೇಳಬೇಕು ಎಂದು ಎರಡನ್ನೂ ಯೋಚಿಸಿಟ್ಟಿದ್ದೆ.

"ಅಕ್ಕ, ನಿನ್ನ ಮ್ಯಾಲ ನಂದೇನೂ ಇಲ್ಲ. ಮಾಮ ಮಾಡಿದ್ದಕ್ಕ ಮಾಮಗ ಆಗೇತಿ."

"ನಿಮ್ಮ ಮಾಮಗ ಏನಾಗೇತಿ?" ಅಕ್ಕ ನನ್ನನ್ನು ಪಾಪದವಳನ್ನು ನೋಡುವ ಹಾಗೆ ನೋಡಿದಳು. "ಅವರ ಮ್ಯಾಲಿನ ಹೊಲ ಹಂಗಽ ಐತಿ. ಈ ಸಲ ನಾಟಿ ತಡ ಆಗಿ ಇನ್ನೂ ಹಸಿರಿತ್ತು, ಮಳಿಗೆ ಏನೂ ಆಗಿಲ್ಲ. ತಗ್ಗಿನ ಹೊಲದ ಪೀಕು ನಂದು ಬೇ. ನಿನಗ ಗೊತ್ತಿಲ್ಲೇನು?"

ನನಗೆ ಗೊತ್ತಿರಲಿಲ್ಲ. ಅಷ್ಟು ವರ್ಷ ಅವಳ ಮನೆಯಲ್ಲಿ ಅನ್ನ ಉಂಡವಳಿಗೆ ಗೊತ್ತಿರಲಿಲ್ಲ. ಅಕ್ಕನ ಅತ್ತೆ ಸಾಯುವಾಗ ಮಗನನ್ನು ಕರೆದು, ತಗ್ಗಿನ ಹೊಲದ ಬೆಳೆ ಸೊಸೆಯ ಅರಿಶಿಣ ಕುಂಕುಮಕ್ಕೆ ಎಂದು ಹೇಳಿ ಹೋಗಿದ್ದಳಂತೆ. ಅದರಲ್ಲಿ ಬಂದದ್ದು ಅಕ್ಕನ ಕೈಗೆ. ಅವಳ ಔಷಧಿ, ಮಗಳ ಬಾಣಂತನ, ಯಾರ ಮುಂದೂ ಕೈ ಚಾಚದೆ ಅವಳು ಮಾಡಿದ್ದೆಲ್ಲ ಆ ಹೊಲದಿಂದ. ಕಾಗದದಲ್ಲಿ ಮಾತ್ರ ಮಾಮನ ಹೆಸರು. ಗ್ರಾಮಸಭೆಯಲ್ಲಿ ಚಪ್ಪಾಳೆ ಹೊಡೆಸಿಕೊಂಡು ಮಾಮ ಕೊಟ್ಟದ್ದು ಅಕ್ಕನ ಪಾಲು. ಅದಕ್ಕೇ ಅವನ ಮುಖ ಕಪ್ಪಿಡಲಿಲ್ಲ.

"ಮತ್ತ ಒಂದು ವರ್ಷದಿಂದ ಬಾಯಿ ಬಿಡಲಿಲ್ಲಲ್ಲ ನೀ?" ಎಂದು ನಾನು ಕೂಗಿಯೇಬಿಟ್ಟೆ.

"ಊರ ತುಂಬ ನಗಾಕತ್ತಿದ್ರು. ಗಂಡ ಕೊಟ್ಟಾನ, ತಂಗಿ ಇಸ್ಗೊಂಡಾಳ. ನಡುವ ನಾ ಏನಂತ ಬಾಯಿ ಬಿಡ್ಲಿ? ನನ್ನ ಯಾರು ಕೇಳಿದ್ರು?"

ನನ್ನ ಮೈ ಉರಿಯಿತು. ನಾನು ಗುರಿಯಿಟ್ಟು ಹೊಡೆದದ್ದು ಅವನಿಗೆ ತಾಗಲೇ ಇಲ್ಲ. ಅವನು ಹೆಂಡತಿಯನ್ನು ಅಡ್ಡ ಹಿಡಿದುಕೊಂಡಿದ್ದ. ಎಮ್ಮೆ ನನ್ನದು ಹೋಯಿತು, ಭತ್ತ ಅಕ್ಕನದು ಹೋಯಿತು, ಅವನು ಎರಡು ತುಫಾನು ದಾಟಿಯೂ ಒಣಗಿದ ಪಂಜೆಯಲ್ಲಿ ಓಡಾಡುತ್ತಿದ್ದ. ಹೋಗಿ ಅವನ ಮುಖದ ಮೇಲೆ ಕೇಳುತ್ತೇನೆ ಎಂದು ಎದ್ದೆ. ಅಕ್ಕ ಸೀರೆಯ ತುದಿ ಹಿಡಿದು ಕೂರಿಸಿದಳು.

"ನಿಂದು ಆತು. ಊರಿಗೆ ಚಲೋನಽ ಆತು, ನಿಮ್ಮ ಓಣಿ ಉಳೀತು. ಆ ದಂಡಿ ಯಾರೂ ಮುಚ್ಚಬಾರದು. ಇನ್ನು ನಂದು ನನಗ ಬಿಡು" ಎಂದು ಹೇಳಿ ತೆನೆಗಳನ್ನು ನಮ್ಮ ಕೋಳಿಗಳ ಮುಂದೆ ಸುರಿದು, ಸೆರಗು ಕೊಡವಿಕೊಂಡು ಹೋದಳು.

ಮೇಲಿನ ಹೊಲದ ಕೊಯ್ಲು ಒಂದು ಭಾನುವಾರ ಆಯಿತು. ನಾನು ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಯಜಮಾನರು ಕಟ್ಟೆಯ ಮೇಲೆ ಗಡ್ಡ ಮಾಡಿಕೊಳ್ಳುತ್ತಿದ್ದರು. ಓಣಿಯ ತುದಿಯಲ್ಲಿ ಟ್ರ್ಯಾಕ್ಟರಿನ ಸದ್ದು ಕೇಳಿತು. ಹಿಂದೆ ತುಂಬಿದ ಟ್ರಾಲಿ. ಟ್ರಾಲಿಯಲ್ಲಿ ರಾಶಿ ಭತ್ತ, ಭತ್ತದ ನೆತ್ತಿಯ ಮೇಲೆ ಅಕ್ಕ. ತಲೆಯ ಮೇಲೆ ಸೆರಗು ಹೊದ್ದು, ಕಾಲು ಮಡಚಿ, ಎರಡೂ ಕೈಯನ್ನು ಕಾಳಿನೊಳಗೆ ಊರಿ ಕೂತಿದ್ದಳು. ಮಕ್ಕಳು ಹಿಂದೆ ಓಡಿ ಬರುತ್ತಿದ್ದರು, ಬಾಗಿಲುಬಾಗಿಲಿಗೆ ಹೆಂಗಸರು ನಿಂತಿದ್ದರು. ಕೊಯ್ಲಿನ ಯಂತ್ರ ಟ್ರಾಲಿಗೆ ಭತ್ತ ಸುರಿದು ಮುಗಿಸುತ್ತಿದ್ದ ಹಾಗೆಯೇ ಅವಳು ಗಾಲಿ ಹತ್ತಿ ಮೇಲೆ ಕೂತಳಂತೆ. ಮಿಲ್ಲಿಗಲ್ಲ, ನನ್ನ ತಂಗಿಯ ಮನೆಗೆ ಹೊಡಿ ಎಂದಳಂತೆ. ಯಜಮಾನಿತಿಯನ್ನು ಮೈಮುಟ್ಟಿ ಇಳಿಸುವ ಧೈರ್ಯ ಯಾವ ಆಳಿಗಿದೆ?

ಹಿಂದೆಯೇ ಮಾಮನ ಬೈಕು ಬಂತು. ಅವನು ನಿಂತು, ಸ್ಟ್ಯಾಂಡ್ ಹಾಕಿ, ಮೊದಲು ನನ್ನನ್ನು ನೋಡಿದ.

"ನೀನಽ ಕಲಿಸಿದ್ದೇನು ಇದನ್ನ?"

ಹೌದು ಎನ್ನಬೇಕೆಂದು ನನ್ನ ನಾಲಿಗೆ ತುರಿಸಿತು. ಆದರೆ ಅಕ್ಕನದನ್ನು ಕದಿಯಲು ಆಗಲಿಲ್ಲ.

"ಇಲ್ರಿ ಮಾಮ. ಇದು ಅಕ್ಕಂದಽ."

ಅವನು ತಲೆಯೆತ್ತಿ ಟ್ರಾಲಿಯ ಕಡೆ ನೋಡಿದ. ಇಡೀ ಓಣಿ ನೋಡುತ್ತಿತ್ತು. ನಗಲು ನೋಡಿದ. ಆದರೆ ಇದು ನಾದಿನಿಯ ಚೇಷ್ಟೆಯಲ್ಲ, ಹೆಂಡತಿಯ ಮಾತು, ಅದಕ್ಕೆ ಹೇಗೆ ನಗಬೇಕೆಂದು ಅವನಿಗೆ ಯಾರೂ ಕಲಿಸಿರಲಿಲ್ಲ.

"ಇಳಿ ಕೆಳಗ. ಮಂದಿ ನೋಡಾಕತ್ತಾರ."

"ನೋಡ್ಲಿ" ಅಂದಳು ಅಕ್ಕ. ದನಿ ಎತ್ತರಿಸಲಿಲ್ಲ. "ನೀವು ಮಂದಿ ಮುಂದಽ ಕೊಟ್ರಿ, ನಾ ಮಂದಿ ಮುಂದಽ ತಗೊಳ್ಳಾಕತ್ತೀನಿ. ತಗ್ಗಿನ ಹೊಲ ನೀರಿಗೆ ಹೋದ ವರ್ಷ ಮ್ಯಾಲಿನ ಹೊಲದ ಪೀಕು ನಂದು. ಒಲ್ಲೆ ಅಂದ್ರ, ಮುಂದಿನ ತುಫಾನಕ್ಕ ನೀರು ಯಾರ ಮನಿಯಾಗ ನಿಲ್ಲಬೇಕಂತ ಈ ಓಣ್ಯಾಗ ನಿಂತು ನೀವಽ ಹೇಳ್ರಿ."

ನಮ್ಮ ಅತ್ತೆ ಒಳಗಿನಿಂದ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಮಾಮ ಆ ಮನೆ, ಈ ಮನೆ, ಪ್ರತಿಯೊಂದು ಬಾಗಿಲಲ್ಲಿ ನಿಂತವರನ್ನೂ ಒಮ್ಮೆ ನೋಡಿದ. ಎಲ್ಲರೂ ಅವನ ಬಾಯಿಯನ್ನೇ ನೋಡುತ್ತಿದ್ದರು. ಅವನ ಮುಖ ಕಪ್ಪಿಟ್ಟಿತು. ಒಂದು ವರ್ಷದಿಂದ ನಾನು ಕಾದಿದ್ದ ಮುಖ ಅದು. ಅದನ್ನು ಕೊಡಿಸಿದವಳು ನಾನಲ್ಲ ಎಂಬುದೊಂದೇ ನನ್ನ ಹೊಟ್ಟೆಯುರಿ.

ಟ್ರ್ಯಾಕ್ಟರಿನವನು ಯಾರ ಮಾತು ಕೇಳಬೇಕೆಂದು ತಿಳಿಯದೆ ಸ್ಟೀರಿಂಗಿನ ಮೇಲೆ ಕೈಯಿಟ್ಟು ಕೂತಿದ್ದ. ಮಾಮ ಬೈಕಿನ ಕಡೆ ತಿರುಗಿ, ಅವನ ಮುಖ ನೋಡದೆಯೇ ಹೇಳಿದ.

"ಭತ್ತ ಇಳಿಸೋ."

ಅಕ್ಕ ನನ್ನ ಭುಜ ಹಿಡಿದು ಟ್ರಾಲಿಯಿಂದ ಇಳಿದಳು. ಟ್ರಾಲಿ ನಿಧಾನಕ್ಕೆ ಮೇಲೆದ್ದಿತು. ಭತ್ತ ನಮ್ಮ ಅಂಗಳಕ್ಕೆ ಜರ್ರೆಂದು ಸುರಿಯಿತು, ಧೂಳು ಎದ್ದು ಎಲ್ಲರೂ ಕಣ್ಣು ಮುಚ್ಚಿಕೊಂಡರು. ಕಣ್ಣು ಬಿಟ್ಟಾಗ ಬೈಕು ಹೋಗಿತ್ತು. ಅಕ್ಕ ಮಾತ್ರ ರಾಶಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಒಂದು ಕಾಳನ್ನು ಹಲ್ಲಿಗಿಟ್ಟು ಕಡಿದು, ಒಣಗಿದೆಯೇ ಎಂದು ನೋಡುತ್ತಿದ್ದಳು.